ಮನೆಗೊಂದು ಒಗೆತ

ಮಳೆಯಿಂದ ಶುರು ಮಾಡಿದರೆ ತಪ್ಪು ಮಳೆಯದಾಗುತ್ತದೆ. ಈ ಸಂಗತಿಯನ್ನು ನಾನು ಮೂರು ನಾಲ್ಕು ಕಡೆ ಹೇಳಿದ್ದೇನೆ, ಪ್ರತಿ ಸಲವೂ ಮಳೆಯಿಂದಲೇ ಶುರು ಮಾಡಿದ್ದೇನೆ. ಕೇಳಿದವರೆಲ್ಲ, ಪಾಪ, ನೀವು ತಾನೆ ಏನು ಮಾಡಲಿಕ್ಕಾಗುತ್ತಿತ್ತು, ಅಂದಿದ್ದಾರೆ. ಅದಕ್ಕೇ ಈ ಸಲ ಮೇಲ್ದುಟಿಯಿಂದ ಶುರು ಮಾಡುತ್ತೇನೆ.

ಪಕ್ಕದ ಮನೆಯ ಅಮ್ಮಚ್ಚಿ ಬಟ್ಟೆ ಎಷ್ಟು ಮೆದುವಾಗಿದೆ ಎಂದು ನೋಡುವುದು ಮೇಲ್ದುಟಿಯಿಂದ. ಬಟ್ಟೆಯ ಒಂದು ತುದಿಯನ್ನು ಮೂಗಿನ ಕೆಳಗೆ ಎಡದಿಂದ ಬಲಕ್ಕೆ ಒಮ್ಮೆ ಎಳೆದು ಕಣ್ಣು ಮುಚ್ಚುತ್ತಾರೆ. ಅಂಗೈಯನ್ನು ನಂಬಬಾರದಂತೆ. ಅರುವತ್ತು ವರ್ಷ ಕತ್ತಿ ಹಿಡಿದು, ಕಾಫಿ ಕಿತ್ತು, ಮೆಣಸಿನ ತೆನೆ ಉಜ್ಜಿ ಅದರಲ್ಲಿ ಚರ್ಮವೇ ಉಳಿದಿಲ್ಲ. ಕೆನ್ನೆಯನ್ನೂ ನಂಬಬಾರದು, ಅದಕ್ಕೆ ಏನು ತಾಗಿದರೂ ಸುಖವೇ.

"ಹುಟ್ಟಿದ ದಿನದ ಚರ್ಮ ನಮ್ಮ ಮೈಯಾಗೆ ಇಲ್ಲಿ ಮಾತ್ರ ಉಳ್ಕೊಂಡಿರೋದು, ಮೋಳೇ," ಎಂದು ಮೂಗಿನ ಕೆಳಗೆ ಬೆರಳಿಟ್ಟು ತೋರಿಸುತ್ತಾರೆ. ಮೋಳೇ ಎಂದರೆ ಮಗಳೇ. ನನಗೆ ಐವತ್ತು ದಾಟಿದೆ.

ನಮ್ಮದು ಜೈನರ ಮನೆ. ಪೆರಿಕಲ್ಲೂರಿನಿಂದ ಸ್ವಲ್ಪ ಒಳಗೆ, ಕಬಿನಿಯ ಈಚೆ ದಡದಲ್ಲಿ. ಆಚೆ ದಡ ಕರ್ನಾಟಕ. ಅಮ್ಮಚ್ಚಿ ಮದುವೆಯಾಗಿ ಕೋಟ್ಟಯಂ ಕಡೆಯಿಂದ ಇಲ್ಲಿಗೆ ಬಂದ ಕಾಲಕ್ಕೆ ಅವರ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು ದೋಣಿಯಲ್ಲಿ ಹೊಳೆ ದಾಟಿ ಬರುವ ಹೆಂಗಸರು. ಅವರಿಂದ ಕಲಿತ ಕನ್ನಡಕ್ಕೆ ತನ್ನ ಮಲಯಾಳ ಬೆರೆಸಿಕೊಂಡು ಇಂದಿಗೂ ನಮ್ಮೊಂದಿಗೆ ಮಾತಾಡುತ್ತಾರೆ. ನನ್ನ ಅವ್ವ ಅವರಿಗೆ ಗೌಡ್ತಿ. ಅವ್ವನಿಗೆ ಅವರು ಚೇಟತ್ತಿ, ಅಂದರೆ ಅಕ್ಕ. ಎರಡು ಮನೆಗಳ ನಡುವೆ ಒಂದು ಬೇಲಿ ಇದೆ, ಬೇಲಿಯಲ್ಲಿ ಒಂದು ಕಂಡಿ ಇದೆ. ಕಂಡಿ ಬೇಲಿಗಿಂತ ಹಳೆಯದು ಎನ್ನುವುದು ಅವ್ವನ ವಾದ.

ಸೂರ್ಯ ಮುಳುಗುವ ಮುಂಚೆ ಅವ್ವ ಊಟಕ್ಕೆ ಕೂತರೆ ಆ ಕಂಡಿಯಿಂದ ಕೂಗು ಬರುತ್ತದೆ: "ಬೇಗ ಉಣ್ಣು ಗೌಡ್ತಿ, ನಿಮ್ಮ ಸ್ವರ್ಗದ ಆಫೀಸು ಆರು ಗಂಟೆಗೇ ಮುಚ್ತಾರೆ."

"ನಿಮ್ಮದು ಭಾನುವಾರ ಮಾತ್ರ ತೆರೆಯೋದಲ್ವಾ ಚೇಟತ್ತಿ," ಎಂದು ಅವ್ವ ತುತ್ತು ಕೈಯಲ್ಲಿಟ್ಟುಕೊಂಡೇ ಹೇಳುತ್ತಾಳೆ.

ಇನ್ನು ಬಟ್ಟೆಯ ಕೆಲಸ. ಇಲ್ಲಿಯ ಹಳೆಯ ಕ್ರೈಸ್ತ ಹೆಂಗಸರು ಉಡುವುದು ಬಿಳಿ ಮುಂಡು, ಹಿಂದುಗಡೆ ಬೀಸಣಿಗೆಯ ಹಾಗೆ ನಿರಿಗೆ ಬರುವಂತೆ ಸುತ್ತುವ ಉದ್ದನೆಯ ಹತ್ತಿಬಟ್ಟೆ. ಮೇಲೆ ಚಟ್ಟ ಎನ್ನುವ ಸಡಿಲವಾದ ಬಿಳಿ ಕುಪ್ಪಸ. ಉಡುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಸೊಸೆಯರದು ಚೂಡಿದಾರ, ನೈಟಿ. ಮನೆಮನೆಯ ಟ್ರಂಕುಗಳಲ್ಲಿ ವರ್ಷಗಟ್ಟಲೆ ಒಗೆದು ಮೆತ್ತಗಾದ ಮುಂಡುಗಳು ಉಳಿದುಕೊಂಡಿವೆ. ಚರ್ಚಿನ ಹೆಂಗಸರ ಸಂಘ ಅವನ್ನು ಕೂಡಿಸಿ, ಕುದಿಸಿ, ಒಣಗಿಸಿ, ಹರಿದು, ಹಾಸಿಗೆ ಹಿಡಿದವರ ಮನೆಗಳಿಗೆ ಕೊಂಡೊಯ್ಯುತ್ತದೆ. ಬೆನ್ನು ಹುಣ್ಣಾದವರ ಅಡಿಗೆ ಹಾಸಲು ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ. ಅಂಚಿನಲ್ಲಿ ಹಲ್ಲಿನಿಂದ ಒಂದು ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಹರಿಯುತ್ತಾರೆ. ಆಗ ಎಳೆಯ ಜಾಡಿನಲ್ಲೇ ನೆಟ್ಟಗೆ ಸೀಳುತ್ತದೆ. ಹರಿಯುವುದರಲ್ಲಿ ಅಮ್ಮಚ್ಚಿಯನ್ನು ಮೀರಿಸಿದವರಿಲ್ಲ.

ನಾನು ಇದರೊಳಗೆ ಬಂದದ್ದು ಕಾರಿನಿಂದಾಗಿ. ನನಗೆ ಓಡಿಸಲು ಬರುತ್ತದೆ, ನಾನು ಪಾಠ ಮಾಡುವ ಸ್ಕೂಲಿಗೆ ಶನಿವಾರ ರಜೆ. ಈ ಕಡೆಯ ಕಾಲೊನಿಗಳಿಗೆ, ಮಾನಂದವಾಡಿಯ ಆಸ್ಪತ್ರೆಗೆ, ಕಡವಿನ ತನಕ ಕಾರಿನಲ್ಲಿ ಹೋಗಿ ಅಲ್ಲಿಂದ ದೋಣಿಯಲ್ಲಿ ಹೊಳೆಯಾಚೆಯ ಆದಿವಾಸಿ ಹಾಡಿಗೆ, ಎಲ್ಲ ಕಡೆಗೂ ಹೋಗಿದ್ದೇನೆ. ಹಾಡಿಯಲ್ಲಿ ಕಾಯಿಲೆಯವರ ಹಾಸಿಗೆಯ ಪಕ್ಕ ಸಂಘದ ಹೆಂಗಸರು ಮಲಯಾಳದಲ್ಲಿ ಉದ್ದನೆಯ ಪ್ರಾರ್ಥನೆ ಹೇಳುತ್ತಾರೆ. ಅದನ್ನು ಕನ್ನಡದಲ್ಲಿ ತಿಳಿಸುವುದು ಅಮ್ಮಚ್ಚಿಯ ಕೆಲಸ. ಹತ್ತು ನಿಮಿಷದ ಪ್ರಾರ್ಥನೆ ಮುಗಿದ ಮೇಲೆ ಅವರು ಬಗ್ಗಿ, "ಬೇಗ ಎದ್ದು ಓಡಾಡು ಅಂತಾವ್ರೆ," ಎಂದಷ್ಟೇ ಹೇಳುತ್ತಾರೆ. ರೋಗಿಗೆ ಅರ್ಥವಾಗುತ್ತದೆ. ಪ್ರಾರ್ಥಿಸಿದವರಿಗೆ ಸ್ವಲ್ಪ ಸಿಟ್ಟು ಬರುತ್ತದೆ.

ಹೋದ ವರ್ಷ ಫೆಬ್ರವರಿ ಕೊನೆಗೆ ಒಬ್ಬ ಸಿಸ್ಟರ್ ರಜೆಗೆ ಬಂದರು. ಇದೇ ಚರ್ಚಿನ ಹುಡುಗಿ, ಈಗ ಟಾಂಜಾನಿಯದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಸಂಘದ ಸಭೆಯಲ್ಲಿ ಅವರು ಹೇಳಿದ್ದು ಇಷ್ಟೇ: ಅಲ್ಲಿ ಮಗುವನ್ನು ಸುತ್ತುವ ಬಟ್ಟೆಯನ್ನು ತಾಯಿಯೇ ಮನೆಯಿಂದ ತರಬೇಕು. ಏನೂ ತರಲಾಗದೆ ಬರುವವರೂ ಇದ್ದಾರೆ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳ ಮೈಗೆ ಒರಟು ಬಟ್ಟೆ ತಾಗಿದರೆ ಕೆಂಪಗೆ ಬರೆ ಏಳುತ್ತದೆ. "ಆಗೆಲ್ಲ ನನಗೆ ನಮ್ಮ ಅಮ್ಮಚ್ಚಿಯರ ಮುಂಡು ನೆನಪಾಗುತ್ತೆ. ಈ ಸಲ ನನ್ನ ಪೆಟ್ಟಿಗೆಗೆ ಹಲಸಿನ ಚಿಪ್ಸ್ ಬೇಡ, ಉಪ್ಪಿನಕಾಯಿ ಬೇಡ. ಮುಂಡು ತುಂಬಿಸಿಕೊಡಿ."

ಅಮ್ಮಚ್ಚಿ ಅಂದೇ ಅಧಿಕಾರ ವಹಿಸಿಕೊಂಡರು. ಮೇಲ್ದುಟಿಯ ಪರೀಕ್ಷೆಯಲ್ಲಿ ಪಾಸಾದದ್ದು ಬಲಗಡೆಯ ರಾಶಿಗೆ, ಹೊರದೇಶದ ಕೂಸುಗಳಿಗೆ. ನಪಾಸಾದದ್ದು ಎಡಗಡೆಗೆ, ಊರಿನ ಬೆನ್ನುಗಳಿಗೆ. ಅವ್ವನೂ ತನ್ನ ಎರಡು ಹಳೆಯ ಹತ್ತಿಸೀರೆ ಕೊಟ್ಟಳು. ಒಂದು ಪಾಸಾಯಿತು. ಇನ್ನೊಂದು ನಪಾಸಾದದ್ದಕ್ಕೆ ಅವ್ವ ಎರಡು ದಿನ ಮಾತು ಬಿಟ್ಟಿದ್ದಳು.

ಈಗ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದನ್ನು ಬಚ್ಚಿಟ್ಟು ಆಟವಾಡುವ ಆಸೆ ಬರದಿರಲಿ. ಬಲಗಡೆಯ ರಾಶಿಗೆ ಹೋದದ್ದರಲ್ಲಿ ಒಂದು ಮುಂಡು ಅಮ್ಮಚ್ಚಿ ತನ್ನ ಸಾವಿಗೆಂದು ಎತ್ತಿಟ್ಟದ್ದು.

ಈ ಹೆಂಗಸರು ತಮ್ಮ ಕೊನೆಯ ಉಡುಗೆಯನ್ನು ತಾವೇ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಒಂದು ಹೊಸ ಮುಂಡು, ಒಂದು ಚಟ್ಟ, ಹೊದೆಯಲು ಜರಿಯಂಚಿನ ಕವಣಿ, ಒಂದು ಜಪಮಾಲೆ. ಅಮ್ಮಚ್ಚಿಯದು ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ, ಲವಂಗ ಮತ್ತು ಮೆಣಸುಕಾಳಿನ ನಡುವೆ ಇತ್ತು. ಗಂಡ ತೀರಿಕೊಂಡ ವರ್ಷ ತಂದದ್ದು. ಆವತ್ತಿನಿಂದ ಪ್ರತಿ ವರ್ಷ ಈಸ್ಟರಿನ ಮುಂಚಿನ ಐವತ್ತು ದಿನದ ಉಪವಾಸದಲ್ಲಿ ಮುಂಡನ್ನು ಹೊರಗೆ ತೆಗೆದು, ಕೈಯಲ್ಲೇ ಒಗೆದು, ನೆರಳಿನಲ್ಲಿ ಒಣಗಿಸಿ, ಮತ್ತೆ ಒಳಗಿಡುತ್ತಿದ್ದರು. ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು ಒಗೆತ. ಒಂದು ದಿನವೂ ಉಡದ ಬಟ್ಟೆ, ಆದರೆ ಬೆಣ್ಣೆಯಷ್ಟು ಮೆದು.

ಇನ್ನು ಮಳೆ ಬರಬಹುದು.

ಗುರುವಾರ ಮಧ್ಯಾಹ್ನ. ಪರೀಕ್ಷೆಯ ಕಾಲ, ಸ್ಕೂಲು ಬೇಗ ಬಿಟ್ಟಿತ್ತು. ಅಮ್ಮಚ್ಚಿ ಕಣ್ಣಿನ ಪೊರೆ ತೋರಿಸಲು ಮಗನ ಜೊತೆ ಬತ್ತೇರಿಗೆ ಹೋಗಿದ್ದರು. ಅವರ ಅಂಗಳದಲ್ಲಿ ಚಾಪೆಯ ಮೇಲೆ ಮೆಣಸು, ತಂತಿಯ ಮೇಲೆ ಸಂಘಕ್ಕೆಂದು ಕುದಿಸಿ ಒಗೆದ ಮುಂಡುಗಳ ಸಾಲು. ಅವುಗಳ ಕೊನೆಗೆ, ಚಪ್ಪರದ ನೆರಳಿನಲ್ಲಿ, ಅಮ್ಮಚ್ಚಿಯದು. ಹೊಳೆಯ ಕಡೆಯಿಂದ ಒಮ್ಮೆಲೇ ಮಳೆ ಬಂತು. ಅವರ ಸೊಸೆ ಕೂಗಿದಳು, ನಾನೂ ಅವ್ವನೂ ಕಂಡಿಯಲ್ಲಿ ನುಗ್ಗಿದೆವು.

"ಮೆಣಸು ಮೊದಲು! ಮೆಣಸು ಮೊದಲು!" ಎಂದು ಅವ್ವ ಓಡುತ್ತಲೇ ಅರಚಿದಳು.

ಮೆಣಸು ಮೊದಲು ಒಳಗೆ ಹೋಯಿತು. ಆಮೇಲೆ ನಾನು ತಂತಿಯಿಂದ ಬಟ್ಟೆಗಳನ್ನು ತೋಳಿನ ಮೇಲೆ ಎಳೆದುಕೊಂಡು, ಹತ್ತಿರದಲ್ಲಿದ್ದದ್ದು ಅವರ ಅಂಗಳದಲ್ಲೇ ನಿಲ್ಲಿಸಿದ್ದ ನನ್ನ ಕಾರು, ಹಿಂದಿನ ಸೀಟಿಗೆ ತುರುಕಿದೆ. ಎಲ್ಲವೂ ಬಿಳಿ.

"ಎಲ್ಲ ತೆಗೆದ್ರಾ ಚೇಚೀ?" ಎಂದು ಸೊಸೆ ಒಳಗಿಂದ ಕೇಳಿದಳು. ಅವಳಿಗೆ ನಾನು ಚೇಚಿ, ಅಕ್ಕ.

"ಎಲ್ಲ ತೆಗೆದೆ," ಎಂದೆ.

ಸಂಜೆ ಅಮ್ಮಚ್ಚಿ ಬಂದು ಕೇಳಿದಾಗ ಸೊಸೆಯೂ ಅದೇ ಮಾತು ಹೇಳಿದಳು, ಎಲ್ಲ ತೆಗೆದಾಯಿತು ಎಂದು. ಪೆಟ್ಟಿಗೆಯೊಳಗೆ ನಾನು ಇಟ್ಟಿದ್ದೇನೆ ಎಂದು ಅವಳು ತಿಳಿದಳು, ಅವಳು ಇಟ್ಟಿದ್ದಾಳೆ ಎಂದು ಅಮ್ಮಚ್ಚಿ ತಿಳಿದರು. ನಾನು ಏನು ತಿಳಿದಿದ್ದೆ? ಇಲ್ಲಿಯವರೆಗೆ ಕಥೆ ನನಗೆ ಅನುಕೂಲವಾಗಿಯೇ ಇದೆ. ತೊಂದರೆ ಶನಿವಾರದ್ದು.

ಶನಿವಾರ ಚರ್ಚಿನ ಹಾಲಿನಲ್ಲಿ ಉದ್ದನೆಯ ಮೇಜು. ಸಿಸ್ಟರ್ ಹೊರಡುವುದು ಸೋಮವಾರ. ನಾನು ಒಂದೊಂದೇ ಮುಂಡು ಬಿಚ್ಚಿ ಅಮ್ಮಚ್ಚಿಯ ಕೈಗೆ ಕೊಡುತ್ತಿದ್ದೆ, ಅವರು ಮೂಗಿನ ಕೆಳಗೆ ಎಳೆದು ತೀರ್ಪು ಕೊಟ್ಟು ಹರಿಯುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಆಗ ಬಿಳಿ ಎಂದರೆ ಬರೀ ಬೆಳಕು. ಒಂದು ಮುಂಡು ಬಂದಾಗ ಅವರ ಕೈ ನಿಂತಿತು. ಎರಡನೇ ಸಲ ಎಳೆದರು. ಮೂರನೇ ಸಲ.

"ಆಹಾ. ಇದ್ಯಾರದು? ಯಾರೋ ಒಳ್ಳೇ ಹೆಂಗ್ಸು ಒಗೆದಿರೋದು. ಕಲ್ಲಿಗೆ ಹೊಡೆದಿಲ್ಲ, ಕೈಯಾಗೇ ಹಿಂಡವ್ಳೆ. ಇಂಥೋಳ ಸೊಸೆಯಾಗಿ ಹೋಗ್ಬೇಕಿತ್ತು ನಾನು."

"ಅಷ್ಟು ಚೆನ್ನಾಗಿದ್ರೆ ನೀವೇ ಇಟ್ಕೊಳ್ಳಿ ಅಮ್ಮಾ," ಎಂದು ಸೊಸೆ ಮೇಜಿನ ಆ ತುದಿಯಿಂದ ನಕ್ಕಳು.

"ನಂದು ಮನೇಲಿ ಇದ್ಯಲ್ಲ," ಎಂದು ಅಮ್ಮಚ್ಚಿ ಅಂಚಿಗೆ ಹಲ್ಲು ಹಾಕಿ, ಉದ್ದಕ್ಕೆ ಸರ್ ಎಂದು ಹರಿದರು.

ನನ್ನ ನೆನಪಿನಲ್ಲಿ ಆ ಬಟ್ಟೆಯ ಮೂಲೆಯಲ್ಲಿ ಒಂದು ಅಕ್ಕಿಕಾಳಿನಷ್ಟು ಕೆಂಪು ಕಾಣುತ್ತದೆ. ಅಮ್ಮಚ್ಚಿ ಕೆಂಪು ನೂಲಿನಲ್ಲಿ ಹೊಲಿದ ಶಿಲುಬೆ, ಕೊನೆಯ ಬಟ್ಟೆ ಎಂಬ ಗುರುತು. ಅದು ಸ್ಪಷ್ಟವಾಗಿ, ನೂಲಿನ ಗಂಟಿನ ಸಮೇತ ಕಾಣುತ್ತದೆ. ಆದರೆ ಅಂಥ ಗುರುತೊಂದು ಇದೆ ಎಂದು ನನಗೆ ಗೊತ್ತಾದದ್ದು ಎರಡು ವಾರದ ಮೇಲೆ, ಅವರೇ ಹೇಳಿದಾಗ. ನೆನಪು ಆಮೇಲೆ ಹಿಂದಕ್ಕೆ ಹೋಗಿ ಅಲ್ಲಿ ಹೊಲಿದು ಬಂದಿರಬಹುದು. ಅಥವಾ ನಾನು ಆವತ್ತೇ ನೋಡಿ, ಏನಿದು ಎಂದು ಒಂದು ಗಳಿಗೆ ಯೋಚಿಸಿ, ಗಡಿಬಿಡಿಯಲ್ಲಿ ಮುಂದಿನ ಮುಂಡು ಬಿಚ್ಚಿರಬಹುದು. ಎರಡರಲ್ಲಿ ಯಾವುದೆಂದು ನನಗೆ ಇವತ್ತಿಗೂ ತಿಳಿಯದು. ತಿಳಿದಿದೆ ಎಂದು ಬರೆದರೆ ಪುಟ ಚೆನ್ನಾಗಿ ಕಾಣುತ್ತಿತ್ತು.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಮರುದಿನ ಅಮ್ಮಚ್ಚಿ ಹೊಸ ಲವಂಗ ಹಾಕಲೆಂದು ಪೆಟ್ಟಿಗೆ ತೆರೆದರು. ನಾನು ಹೋಗುವ ಹೊತ್ತಿಗೆ ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಚಟ್ಟ ಇತ್ತು, ಕವಣಿ ಇತ್ತು, ಜಪಮಾಲೆ ಇತ್ತು. ಸೊಸೆ ಅಳುತ್ತಿದ್ದಳು. ಸಿಸ್ಟರಿಗೆ ಫೋನು ಮಾಡಿಯಾಗಿತ್ತು. ಬಟ್ಟೆಗಳೆಲ್ಲ ಹಂಚಿಹೋಗಿದ್ದವು, ಕೂಸುಗಳನ್ನು ಸುತ್ತಿಕೊಂಡು ತಾಯಂದಿರು ಯಾವಯಾವುದೋ ಊರಿಗೆ ನಡೆದುಹೋಗಿದ್ದರು.

"ಮೂಲೆಗೆ ಕೆಂಪು ಶಿಲುಬೆ ಹಾಕಿದ್ದೆ," ಎಂದರು ಅಮ್ಮಚ್ಚಿ. ಆಮೇಲೆ ಬೆರಳು ಮಡಿಸಿ ಏನೋ ಎಣಿಸಿದರು. "ಎಷ್ಟು ತುಂಡು ಮಾಡಿದ್ನೋ. ಹನ್ನೆರಡು ಆಗಿರ್ತದೆ. ಹನ್ನೆರಡು ಕೂಸಿಗೆ ಆಯ್ತದೆ."

ನಾನು ಏನೋ ಹೇಳಹೊರಟೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ಅದು ಸರಿ ಮೋಳೇ. ನನ್ನ ಏನ್ರಲ್ಲಿ ಕಳಿಸ್ತೀರ?"

ಕೋಪದಿಂದ ಕೇಳಿದ್ದಲ್ಲ. ಬಸ್ಸಿಗೆ ಹೊರಟವರು ಚಪ್ಪಲಿ ಎಲ್ಲಿ ಎಂದು ಕೇಳುವ ಹಾಗೆ ಕೇಳಿದರು. ಎಂಬತ್ತಾರು ವರ್ಷ, ಎದೆಯಲ್ಲಿ ಒಂದು ಸ್ಟೆಂಟು. ಅವರಿಗೆ ಉತ್ತರ ನಿಜವಾಗಿಯೂ ಬೇಕಿತ್ತು.

ಈಸ್ಟರ್ ದಿನದ ಪೂಜೆಗೆ ನಾನೂ ಅವರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಚ್ಚನ್, ಅಂದರೆ ಪಾದ್ರಿ, ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು. ಪ್ರಸಂಗದಲ್ಲಿ ಅವರು ಈ ವಿಷಯವನ್ನೇ ಎತ್ತಿಕೊಂಡರು. ತನ್ನ ಸಾವಿನ ಬಟ್ಟೆಯನ್ನೇ ಹರಿದು ಹೊಸದಾಗಿ ಹುಟ್ಟಿದವರಿಗೆ ಹೊದಿಸಿದ ತಾಯಿ ನಮ್ಮ ನಡುವೆ ಇದ್ದಾಳೆ ಎಂದರು. ಸಮಾಧಿಯ ಬಟ್ಟೆ ತೊಟ್ಟಿಲಿಗೆ ಹೋಯಿತು ಎಂದರು. ಹೆಂಗಸರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಇಷ್ಟು ಚೆನ್ನಾಗಿ ಕೂಡಿಬರುವ ಮಾತು ಕೇಳಿದಾಗ ನನಗೆ ಮೊದಲು ಕಣ್ಣೀರು, ಹಿಂದೆಯೇ ಅನುಮಾನ ಬರುತ್ತದೆ. ಅಮ್ಮಚ್ಚಿಗೆ ಅನುಮಾನ ಮಾತ್ರ ಬಂತು. ಪೂಜೆ ಮುಗಿದ ಮೇಲೆ ಅವರು ಮೆಟ್ಟಿಲಲ್ಲಿ ಅಚ್ಚನನ್ನು ಹಿಡಿದರು. ಮಾತಾಡಿದ್ದು ಮಲಯಾಳದಲ್ಲಿ. ನನ್ನ ಕನ್ನಡಕ್ಕೆ ಅದರ ಅರ್ಧ ಖಾರ ಮಾತ್ರ ಬಂದೀತು.

"ಅಚ್ಚಾ, ನಾನು ಕೊಡಲಿಲ್ಲ. ಅದು ಹೋಯಿತು."

"ಹೋದದ್ದು ಒಳ್ಳೆಯದಕ್ಕೇ ಅಲ್ಲವಾ ಅಮ್ಮಚ್ಚಿ?"

"ನಿಮ್ಮ ಪೂಜೆಯ ಅಂಗಿ ಯಾರಾದರೂ ಹರಿದು ಹಂಚಿದರೆ ಹೀಗೇ ಹೇಳುತ್ತೀರಾ?"

ಅಚ್ಚನ್ ನಗುತ್ತ, ಸಿಸ್ಟರ್ ಕಳಿಸಿದ ಫೋಟೋವನ್ನು ತಮ್ಮ ಫೋನಿನಲ್ಲಿ ತೆರೆದು ಅವರ ಮುಖದ ಹತ್ತಿರ ಹಿಡಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕೂಸು, ಹೊರಗೆ ಒಂದು ಮುಷ್ಟಿ ಮಾತ್ರ. "ನೋಡಿ, ನಿಮ್ಮ ಮುಂಡು."

"ನನಗೆ ಹೇಗೆ ಗೊತ್ತಾಗಬೇಕು? ಈ ಗಾಜಿಗೆ ಮೂಗು ತಿಕ್ಕಲಾ?" ಎಂದರು ಅಮ್ಮಚ್ಚಿ. ಆದರೂ ಫೋನನ್ನು ತಕ್ಷಣ ಹಿಂದಕ್ಕೆ ಕೊಡಲಿಲ್ಲ. ಆ ಮುಷ್ಟಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ನಿಂತಿದ್ದರು. ಚಿತ್ರ ದೊಡ್ಡದಾಯಿತು, ಬರೀ ಬಿಳಿಯಾಯಿತು.

ಹೊಸ ಮುಂಡು ಹುಡುಕುವುದು ಶುರುವಾಯಿತು. ಬತ್ತೇರಿಯ ಬಟ್ಟೆ ಅಂಗಡಿಗಳಲ್ಲಿ ಎರಡು ತುಂಡಿನ ಸೆಟ್ ಮುಂಡು ಇತ್ತೇ ಹೊರತು ನಿರಿಗೆ ಹಿಡಿಯುವ ಉದ್ದದ್ದು ಇರಲಿಲ್ಲ. ಕಡೆಗೆ ಕೋಟ್ಟಯಂ ಕಡೆಯ ನೆಂಟರು ಒಂದನ್ನು ಹುಡುಕಿ ಕಳಿಸಿದರು. ಗಂಜಿಯ ಬಿರುಸಿಗೆ ಅದು ಮಂಚದ ಮೇಲೆ ತನ್ನಷ್ಟಕ್ಕೇ ಎದ್ದು ನಿಲ್ಲುವ ಹಾಗಿತ್ತು. ಅಮ್ಮಚ್ಚಿ ಮೂಗಿನ ಕೆಳಗೆ ಎಳೆದರು.

"ತಗಡು. ಇದನ್ನ ಉಡಿಸಿದ್ರೆ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟಂಗೆ."

"ಆವಾಗ ಚುಚ್ಚೋದು ಏನು ಗೊತ್ತಾಗುತ್ತೆ ಅಮ್ಮಾ?" ಎಂದಳು ಸೊಸೆ.

"ನೀನು ಸತ್ತು ನೋಡಿದ್ಯಾ?"

ಸೊಸೆ ಮುಂಡನ್ನು ಮಡಿಸತೊಡಗಿದಳು. ಅಮ್ಮಚ್ಚಿಯ ದನಿ ತಗ್ಗಿತು. "ವರ್ಷಕ್ಕೊಂದು ಒಗೆತ ಹಾಕಿದ್ದು ನಾನು. ಇನ್ನು ಇಪ್ಪತ್ತೆರಡು ವರ್ಷ ನಂಗೆ ಯಾರು ಕೊಡ್ತಾರೆ?"

ಉಪಾಯ ಹೇಳಿದ್ದು ನನ್ನ ಅವ್ವ. ಅಕ್ಟೋಬರಿನಲ್ಲಿ ಈ ಚರ್ಚಿನವರು ಮಾತಾವಿನ, ಅಂದರೆ ಮೇರಿಮಾತೆಯ, ವಿಗ್ರಹವನ್ನು ಮನೆಯಿಂದ ಮನೆಗೆ ಕೊಂಡೊಯ್ಯುತ್ತಾರೆ. ಒಂದು ರಾತ್ರಿ ಒಂದು ಮನೆಯಲ್ಲಿ, ಮರುದಿನ ಮುಂದಿನ ಮನೆಗೆ. ನಮ್ಮ ಗೇಟಿನ ಮುಂದೆಯೇ ಆ ಮೆರವಣಿಗೆ ಹೋಗುವುದು. ಅವ್ವ ಕಂಡಿಯಲ್ಲಿ ನಿಂತು ಹೇಳಿದಳು:

"ಅಲ್ಲ ಚೇಟತ್ತಿ, ನಿಮ್ಮ ಮಾತಾವು ಮನೆಮನೆಗೆ ಹೋಯ್ತಾಳಲ್ಲ. ಈ ಮುಂಡೂ ಅಂಗೇ ಹೋಗ್ಲಿ. ಮನೆಗೊಂದು ಒಗೆತ. ತಿಂಗಳೊಳಗೆ ಇಪ್ಪತ್ತೆರಡು ವರ್ಷ ಆಗೋ‍ಯ್ತದೆ."

ಅಮ್ಮಚ್ಚಿ ಬೇಲಿಯ ಹತ್ತಿರಕ್ಕೆ ಬಂದರು. "ಗೌಡ್ತೀ, ಇಷ್ಟು ವರ್ಷ ಈ ತಲೆ ಎಲ್ಲಿ ಇಟ್ಟಿದ್ದೆ?" ಎಂದರು.

ನಮ್ಮ ವಾರ್ಡಿನಲ್ಲಿ ಚರ್ಚಿನ ಮನೆಗಳು ಇಪ್ಪತ್ತೊಂದು, ನಮ್ಮದು ಸೇರಿ ಇಪ್ಪತ್ತೆರಡು. ಸಂಖ್ಯೆ ಇಷ್ಟು ಸರಿಯಾಗಿ ಕೂಡಿಬಂದದ್ದರಲ್ಲಿ ನನ್ನ ಕೈವಾಡ ಇರಬಹುದೆಂದು ನನಗೇ ಸಂಶಯ. ಹತ್ತೊಂಬತ್ತೂ ಇದ್ದಿರಬಹುದು. ಕಾನೂನು ಅಮ್ಮಚ್ಚಿಯದು: ವಾಷಿಂಗ್ ಮೆಷಿನ್ ಇಲ್ಲ, ಬ್ಲೀಚ್ ಇಲ್ಲ, ಕಲ್ಲಿಗೆ ಹೊಡೆಯುವ ಹಾಗಿಲ್ಲ. ಕೈಯಲ್ಲೇ ಹಿಂಡಬೇಕು. ನೆರಳಿನಲ್ಲಿ ಒಣಗಿಸಬೇಕು. ಸಂಜೆ ಮಡಿಸಿ ಬೆತ್ತದ ಬುಟ್ಟಿಯಲ್ಲಿ ಮುಂದಿನ ಮನೆಗೆ ಮುಟ್ಟಿಸಬೇಕು.

ಮುಂಡು ಹೊರಟಿತು. ದಿನವೂ ಅದು ಎಲ್ಲಿದೆ ಎಂದು ಊರಿಗೆ ಗೊತ್ತಿರುತ್ತಿತ್ತು. ಬಸ್‌ಸ್ಟಾಪಿನಲ್ಲಿ ಜನ ಕೇಳುತ್ತಿದ್ದರು, "ಇವತ್ತು ಯಾರ ಮನೇಲಿ?" ಒಂದು ಮನೆಯಲ್ಲಿ ಸಾಬೂನು ಹೆಚ್ಚಾಯಿತೆಂದು ದೂರು ಬಂತು. ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರು ಬುಟ್ಟಿ ಕೈದಾಟಿಸುವಾಗ ಮಾತಾಡಲೇಬೇಕಾಯಿತು. ಆಡಿದ್ದು ಒಂದೇ ಮಾತು: "ಇನ್ನೂ ಒದ್ದೆ ಇದೆ." ಸರದಿಯಲ್ಲಿ ನಮ್ಮ ಹಿಂದಿನ ಮನೆಯವರು ಮುಂಡನ್ನು ಅಡುಗೆಮನೆಯ ಹಿಂದಿನ ತಂತಿಗೆ ಹಾಕಿದ್ದರು. ಆ ದಿನ ಅವರ ಮನೆಯಲ್ಲಿ ಹೆಣ್ಣು ನೋಡಲು ಬಂದವರಿಗೆ ಬೀಫ್ ಹುರಿದಿದ್ದರು. ಮುಂಡು ನಮ್ಮಲ್ಲಿಗೆ ಬಂದದ್ದು ಆ ಘಮದ ಜೊತೆ.

ಅವ್ವ ಬುಟ್ಟಿಯ ಮುಂದೆ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಒಗೆಯುತ್ತೇನೆ ಬಿಡು ಎಂದೆ.

"ನೀನು ಸುಮ್ಕಿರು. ಮನೆಗೊಂದು ಅಂದೋಳು ನಾನು."

ನಮ್ಮ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸುವುದು, ಒಂದು ಜೀವಕ್ಕೂ ನೋವಾಗದಿರಲಿ ಎಂದು. ಅವ್ವ ನಾಲ್ಕು ಬಕೆಟ್ ನೀರು ಸೋಸಿದಳು. ಎರಡು ಸಲ ಒಗೆದಳು. ಒಂದು ಬೀಫಿಗೆ, ಒಂದು ಚೇಟತ್ತಿಗೆ ಎಂದಳು.

ಮಾರನೆಯ ದಿನ ಈ ಸುದ್ದಿ ಕೇಳಿ ಅಮ್ಮಚ್ಚಿ ಎದೆ ಹಿಡಿದುಕೊಂಡು ನಕ್ಕರು. ಸೊಸೆ ಗಾಬರಿಯಾಗಿ ಮಾತ್ರೆ ತಂದಳು. "ಸೋಸಿದ ನೀರಾ? ಎಂಡೆ ಕರ್ತಾವೇ, ನನ್ನ ದೇವ್ರೇ! ಗೌಡ್ತೀ, ನಾನು ಮಣ್ಣಾಗೆ ಹೋದ ಮೇಲೆ ಹುಳ ಬರ್ತವಲ್ಲ, ಅವಕ್ಕೂ ನಿನ್ನ ಲೆಕ್ಕದಾಗೆ ನೋಂಪಿ ಉಪಾಸಾನೇ?"

"ಬರ್ಲಿ, ತಿನ್ಲಿ. ಸಂಜೆ ಆರರ ಮುಂಚೆ ತಿನ್ನಕ್ಕೆ ಹೇಳಿ," ಎಂದಳು ಅವ್ವ.

ಸುತ್ತು ಮುಗಿದು ಮುಂಡು ವಾಪಸು ಬಂದ ದಿನ ವರಾಂಡದಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಅಮ್ಮಚ್ಚಿ ಮೂಗಿನ ಕೆಳಗೆ ಎಳೆದರು, ಕಣ್ಣು ಮುಚ್ಚಿದರು.

"ಹತ್ರ ಬಂದದೆ," ಎಂದರು. "ಇನ್ನೊಂದು ಸುತ್ತು."

ಅಷ್ಟರಲ್ಲಿ ಸುದ್ದಿ ವಾರ್ಡು ದಾಟಿತ್ತು. ತಿಂಗಳ ಶನಿವಾರ ನಾವು ಹೊಳೆಯಾಚೆಯ ಹಾಡಿಗೆ ಹೋದಾಗ, ಹಾಸಿಗೆ ಹಿಡಿದ ತಾಯಿಗಾಗಿ ನಮ್ಮಿಂದ ವರ್ಷಗಳಿಂದ ಬಟ್ಟೆ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು ಅಮ್ಮಚ್ಚಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನವ್ವಾ, ನಿಮ್ಮ ಬಟ್ಟೆ ಎಲ್ಲಾರ ಮನೇಗೂ ಹೋಯ್ತದಂತೆ. ನಮ್ಮ ಹಾಡಿ ಕಾಣ್ಲಿಲ್ವಾ? ನಿಮ್ಮ ಬಟ್ಟೆ ಒಗೆದೂ ಒಗೆದೂ ನಮ್ಗೆ ಅಭ್ಯಾಸ ಆಗ್ಯದೆ."

ಮುಂದಿನ ಸಲ ಬುಟ್ಟಿ ನಮ್ಮ ಜೊತೆ ದೋಣಿ ಹತ್ತಿತು. ಆ ಹೆಂಗಸು ಮುಂಡನ್ನು ಹೊಳೆಗೆ ಇಳಿಸಿ, ತಿರುಗಿ ಕೇಳಿದಳು, "ಕಲ್ಲಿಗೆ ಹೊಡೀದೆ ಒಗೆಯಾದು ಹೆಂಗವ್ವಾ? ಕೈಗೇ ಬರಲ್ಲ."

"ಸರಿ, ಒಂದೇ ಏಟು," ಎಂದರು ಅಮ್ಮಚ್ಚಿ, ದಡದಲ್ಲಿ ಕೊಡೆ ಹಿಡಿದು ಕೂತು.

ಅವಳು ಮೂರು ಏಟು ಹಾಕಿದಳು. ಅಮ್ಮಚ್ಚಿ ಕೇಳಿಸದವರ ಹಾಗೆ ಆಕಾಶ ನೋಡಿದರು.

ಆವತ್ತು ದೋಣಿಯಲ್ಲಿ ವಾಪಸು ಬರುವಾಗ ನಾನು ಹೇಳಿದೆ. ಒದ್ದೆ ಮುಂಡಿನ ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು. ಆ ಶನಿವಾರ ಮೂಲೆಯ ಕೆಂಪು ಶಿಲುಬೆಯನ್ನು ನಾನು ನೋಡಿದ್ದಿರಬಹುದು, ನೋಡಿಯೂ ಸುಮ್ಮನಿದ್ದಿರಬಹುದು ಎಂದೆ. ಎಷ್ಟು ಯೋಚಿಸಿದರೂ ಖಚಿತವಿಲ್ಲ ಎಂದೂ ಹೇಳಿದೆ.

ಅಮ್ಮಚ್ಚಿ ನೀರಿಗೆ ಬೆರಳು ಅದ್ದಿಕೊಂಡಿದ್ದರು. "ನಂಗೆ ಗೊತ್ತಾಗಿತ್ತು," ಎಂದರು.

"ಏನು?"

"ಮೊದಲ್ನೇ ಚೂರು ಹರಿದ ಮೇಲೆ ಗೊತ್ತಾಯ್ತು. ಕೈಗೆ ಗೊತ್ತಾಗಲ್ವಾ? ಹರಿದಾದ ಮೇಲೆ ಏನ್ಮಾಡಾದು. ಅಷ್ಟು ಜನದ ಮುಂದೆ ಅಳ್ತಾ ಕೂರಾದಾ? ಉಳಿದಿದ್ದೂ ಹರಿದೆ."

ನಾನು ಮನೆಗೆ ಬಂದು ಅದನ್ನು ಅವ್ವನಿಗೆ ಹೇಳಿದೆ. ಅವ್ವ ಕಂಡಿಯಿಂದಲೇ ಅಮ್ಮಚ್ಚಿಯನ್ನು ಕೇಳಿದಳು, ಹೌದಾ ಎಂದು. ಅಮ್ಮಚ್ಚಿ ಹುಬ್ಬು ಗಂಟಿಕ್ಕಿದರು. "ನಾನೆಲ್ಲಿ ಅಂಗಂದೆ? ಗೊತ್ತಾಗಿದ್ರೆ ಹರೀತಿದ್ನಾ? ನನ್ನ ಕೊನೇ ಬಟ್ಟೆ ಅದು! ಪಾಪ, ಈ ಹುಡುಗಿ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಏನೋ ಹೇಳಿರ್ಬೇಕು."

ಹಾಗಾಗಿ ಅವರ ಕಡೆಯೂ ಎರಡು ಕಥೆ, ನನ್ನ ಕಡೆಯೂ ಎರಡು. ಅಚ್ಚನದು ಒಂದೇ. ಅದು ಸಂಘದ ವಾರ್ಷಿಕ ಪುಸ್ತಿಕೆಯಲ್ಲಿ ಅಚ್ಚಾಯಿತು, ಆ ಮುಷ್ಟಿಯ ಫೋಟೋ ಸಮೇತ. ಪುಟವನ್ನು ಕತ್ತರಿಸಿ ಅಮ್ಮಚ್ಚಿ ತಗಡಿನ ಪೆಟ್ಟಿಗೆಯಲ್ಲಿ, ಮುಂಡು ಇರಬೇಕಾದ ಜಾಗದಲ್ಲಿ ಇಟ್ಟುಕೊಂಡಿದ್ದಾರೆ. ಕತ್ತರಿಸಿದ್ದು ಕತ್ತರಿಯಿಂದ.

ಈಗ ಮತ್ತೆ ಉಪವಾಸದ ಕಾಲ. ಅಮ್ಮಚ್ಚಿಯ ಕಣ್ಣಿನ ಆಪರೇಷನ್ ಆಗಿದೆ. ನಮ್ಮ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ನನ್ನನ್ನೂ ಅವ್ವನನ್ನೂ ಬೈಯುತ್ತಾರೆ. ಮುಂಡಿನ ನಾಲ್ಕನೇ ಸುತ್ತು ನಡೆಯುತ್ತಿದೆ. ಪ್ರತಿ ಸುತ್ತಿನ ಕೊನೆಗೂ ಮೂಗಿನ ಕೆಳಗೆ ಎಳೆದು ನೋಡಿ, "ಇನ್ನೊಂದು ಸುತ್ತು," ಎನ್ನುತ್ತಾರೆ. ಅದು ಎಂದೋ ಪಾಸಾಗಿದೆ ಎಂದು ನಮಗೆಲ್ಲ ಗುಮಾನಿ ಇದೆ. ಕಳೆದ ಸಲ ಯಾರೂ ಇಲ್ಲದಾಗ ನಾನೇ ನನ್ನ ಮೇಲ್ದುಟಿಗೆ ಎಳೆದು ನೋಡಿದೆ. ಬೆಣ್ಣೆ ಎನ್ನಲಾರೆ, ಬೆಣ್ಣೆಯ ಮುಂಚಿನದು ಅನ್ನಬಹುದು. ಆದರೆ ತೀರ್ಪು ಅವರದು. ಅದು ಬರುವ ತನಕ ಸಾಯುವ ಹಾಗಿಲ್ಲ ಎಂದು ಸೊಸೆ ಅವರಿಗೆ ತಮಾಷೆ ಮಾಡುತ್ತಾಳೆ. ಅವರು ಮುಂಡನ್ನು ಮತ್ತೆ ಬುಟ್ಟಿಗೆ ಹಾಕುತ್ತಾರೆ.

ಇವತ್ತು ನಮ್ಮ ಮನೆಯ ಸರದಿ. ಬೆಳಿಗ್ಗೆ ಅವ್ವ ನೀರು ಸೋಸಿ ಒಗೆದು ಚಪ್ಪರದಡಿ ಹಾಕಿದಳು. ಅಂಗಳದಲ್ಲಿ ಚಾಪೆಯ ತುಂಬ ಮೆಣಸು. ಇದನ್ನು ಬರೆಯುತ್ತ ಕೂತಿದ್ದಾಗ ಹೊಳೆಯ ಕಡೆ ಗುಡುಗಿತು. ಮಳೆಯನ್ನು ನಾನು ಬೇಕೆಂದು ತರುತ್ತಿಲ್ಲ, ಬಂತು.

"ಮುಂಡು ಮೊದಲು!" ಎಂದು ಅವ್ವ ಒಳಗಿಂದ ಅರಚಿದಳು. "ಮುಂಡು ಮೊದಲು ಕಣೇ!"

ನಾನು ಓಡಿದೆ. ಗಾಳಿಗೆ ಮುಂಡು ಚಪ್ಪರದಿಂದ ಹೊರಗೆ ಹಾರಿ ನನ್ನ ಮುಖಕ್ಕೆ ಸುತ್ತಿಕೊಂಡಿತು. ಬಿಡಿಸಿಕೊಂಡು, ಎರಡು ತೋಳಿನಲ್ಲಿ ಅವುಚಿಕೊಂಡು ಜಗುಲಿಗೆ ಹತ್ತುವಷ್ಟರಲ್ಲಿ ಅಂಗಳದ ಮೆಣಸು ನೀರಿನಲ್ಲಿ ತೇಲುತ್ತಿತ್ತು. ಕಂಡಿಯಲ್ಲಿ ಕೊಡೆ ಹಿಡಿದು ಅಮ್ಮಚ್ಚಿ ನಿಂತಿದ್ದರು.

"ಎಲ್ಲ ತೆಗೆದ್ಯಾ ಮೋಳೇ?"

"ಎಲ್ಲ ಇಲ್ಲ ಅಮ್ಮಚ್ಚಿ. ಇದೊಂದೇ."

ಅವರು ಜಗುಲಿಗೆ ಬಂದರು. ಕೊಡೆ ಮಡಿಸಿ ನನ್ನ ತೋಳಿನಿಂದ ಒಂದು ತುದಿ ಎಳೆದುಕೊಂಡು, ಮೂಗಿನ ಕೆಳಗೆ ಎಡದಿಂದ ಬಲಕ್ಕೆ ಎಳೆದರು. ಅವ್ವನೂ ನಾನೂ ಅವರ ಮುಖವನ್ನೇ ನೋಡಿದೆವು.

"ಒದ್ದೆ," ಎಂದರು. "ಒಣಗಿದ ಮೇಲೆ ನೋಡಾನ."